ಬೀಜದ ಗುಣವೋ, ನೆಲದ ಗುಣವೋ? ಬೇಸ್‌ಬಾಲ್ ತಂಡಗಳ ಒಂದು ಲೆಕ್ಕ

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿಯೇ ಕಾಣಬಹುದೆಂಬುದು ನಮ್ಮ ಹಿರಿಯರ ಮಾತು. ಅಮೆರಿಕ ಸಂಯುಕ್ತ ಸಂಸ್ಥಾನದ ಬೇಸ್‌ಬಾಲ್ ತಂಡಗಳು ಈ ನಂಬಿಕೆಯ ಮೇಲೆಯೇ ವರ್ಷವರ್ಷವೂ ಹೇರಳವಾಗಿ ಹಣ ವೆಚ್ಚಮಾಡುತ್ತವೆ. ೧೯೬೫ರಿಂದ ಅಲ್ಲಿ ‘ಡ್ರಾಫ್ಟ್’ ಎಂಬ ಏರ್ಪಾಡು ನಡೆದುಬಂದಿದೆ. ತಂಡಗಳು ಒಂದರ ಬಳಿಕ ಒಂದು ಸರದಿಯಂತೆ ದೇಶದ ಎಳೆಯ ಆಟಗಾರರನ್ನು ಆರಿಸಿಕೊಳ್ಳುತ್ತವೆ. ೧೯೮೮ರ ಡ್ರಾಫ್ಟಿನಲ್ಲಿ ಮೈಕ್ ಪಿಯಾಜ಼ಾ ಎಂಬ ತರುಣನ ಹೆಸರನ್ನು ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡವು ಕರೆದದ್ದು ೬೨ನೆಯ ಸುತ್ತಿನಲ್ಲಿ. ಆತನಿಗಿಂತ ಮೊದಲು ೧,೩೮೯ ಮಂದಿ ಆಯ್ಕೆಯಾಗಿ ಹೋಗಿದ್ದರು. ತಂಡದ ಮುಖ್ಯಸ್ಥ ಟಾಮಿ ಲಸೋರ್ಡಾ ಆ ಹುಡುಗನ ತಂದೆಯ ಸ್ನೇಹಿತ. ಆ ದಾಕ್ಷಿಣ್ಯದಿಂದಲೇ ಅಷ್ಟಾದರೂ ನಡೆಯಿತು. ಮೊದಲನೆಯ ಬೇಸಿನ ಬಳಿ ನಿಲ್ಲುತ್ತಿದ್ದ ಈತನನ್ನು ತಂಡವು ಕ್ಯಾಚರನನ್ನಾಗಿ, ಎಂದರೆ ನಮ್ಮ ವಿಕೆಟ್‌ಕೀಪರನಂಥವನನ್ನಾಗಿ, ಪಳಗಿಸಿತು. ಅದಕ್ಕಾಗಿ ಆತ ಡೊಮಿನಿಕನ್ ಗಣರಾಜ್ಯದಲ್ಲಿದ್ದ ತಂಡದ ಶಿಬಿರಕ್ಕೂ ಹೋಗಿಬಂದನು. ಮುಂದೆ ಆತನು ೪೨೭ ಹೋಂ ರನ್ನುಗಳನ್ನು ಹೊಡೆದು, ೨೦೧೬ರಲ್ಲಿ ಆ ಆಟದ ಕೀರ್ತಿಶಾಲೆಯನ್ನು ಸೇರಿದನು.

ಈ ಯಶಸ್ಸು ಯಾರಿಗೆ ಸಲ್ಲಬೇಕು? ಆರಿಸಿದ ಕಣ್ಣಿಗೆ ಸಲ್ಲದೆಂಬುದು ಸ್ಪಷ್ಟ. ಗುಣವನ್ನು ಬಲ್ಲ ತಂಡವು ೬೧ ಸಲ ಅವನನ್ನು ದಾಟಿಹೋಗುತ್ತಿರಲಿಲ್ಲ. ಹಾಗಾದರೆ ತಿದ್ದಿ ಬೆಳೆಸಿದ ಕೈಗೆ ಸಲ್ಲಬೇಕೆ? ಅಥವಾ ಆತನು ಎಲ್ಲಿದ್ದರೂ ಹೀಗೆಯೇ ಬೆಳೆಯುತ್ತಿದ್ದನೆ? ಒಂದು ತಂಡವು ತನ್ನ ಕೈಸೇರಿದ ಆಟಗಾರರನ್ನು ಎಷ್ಟು ಚೆನ್ನಾಗಿ ಬೆಳೆಸುತ್ತದೆ ಎಂಬ ಪ್ರಶ್ನೆ ಕೇಳಲು ಸುಲಭವಾಗಿದೆ. ಉತ್ತರಿಸಹೊರಟರೆ ಸಂಖ್ಯಾಶಾಸ್ತ್ರದ ಅತ್ಯಂತ ತೊಡಕಿನ ಗಂಟೊಂದಕ್ಕೆ ಕೈಹಾಕಬೇಕಾಗುತ್ತದೆ.

ಆಟಗಾರರನ್ನು ಬೆಳೆಸುವ ವ್ಯವಸ್ಥೆಗೆ ಅಲ್ಲಿನವರು ‘ಫಾರ್ಮ್’ ಎಂದು ಒಕ್ಕಲುತನದ ಹೆಸರನ್ನೇ ಇಟ್ಟಿದ್ದಾರೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿದವನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ. ನ್ಯೂಯಾರ್ಕಿನ ಸಿರಿವಂತ ತಂಡಗಳು ಪಳಗಿದ ಆಟಗಾರರನ್ನು ಹಣ ಸುರಿದು ಕೊಳ್ಳುತ್ತಿದ್ದ ೧೯೨೦ರ ದಶಕದಲ್ಲಿ, ಹಣವಿಲ್ಲದ ರಿಕಿ ಚಿಕ್ಕ ಊರುಗಳ ಕೆಳದರ್ಜೆಯ ತಂಡಗಳನ್ನು ಒಂದೊಂದಾಗಿ ವಶಪಡಿಸಿಕೊಂಡು ಅಲ್ಲಿ ಹುಡುಗರನ್ನು ನಾಟಿಮಾಡಿದನು. ಎರಡು ದಶಕಗಳೊಳಗೆ ಇಂಥ ತಂಡಗಳು ೩೦ಕ್ಕೂ ಮೀರಿದವು. ಕಾರ್ಡಿನಲ್ಸ್ ೧೯೨೬ರಿಂದ ೧೯೪೬ರವರೆಗೆ ಒಂಬತ್ತು ಸಲ ತನ್ನ ಲೀಗಿನ ಅಗ್ರಸ್ಥಾನವನ್ನು ಗೆದ್ದಿತು. ರಿಕಿಯ ಬುದ್ಧಿವಂತಿಕೆ ದೊಡ್ಡದು. ಆದರೆ ಪಲ್ಲಗಟ್ಟಲೆ ಬೀಜವನ್ನು ಚೆಲ್ಲಿ ಹತ್ತಾರು ತೆನೆಗಳನ್ನು ಕೊಯ್ದವನನ್ನು ಒಳ್ಳೆಯ ಒಕ್ಕಲಿಗನೆಂದು ಕರೆಯುವ ಮುನ್ನ ನಾವು ಸ್ವಲ್ಪ ಯೋಚಿಸಬೇಕು. ನೂರಾರು ಹುಡುಗರಲ್ಲಿ ಕೆಲವರು ಯಾರ ಪಾಠವೂ ಇಲ್ಲದೆ ಮೇಲೆದ್ದೇ ಏಳುತ್ತಾರೆ.

ನಿಜವಾದ ಹೊಲದಲ್ಲಾದರೆ ಈ ಸಂದೇಹವನ್ನು ಕಳೆದುಕೊಳ್ಳುವ ದಾರಿಯುಂಟು. ೧೯೧೯ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯವನ್ನು ಸೇರಿದ ರೊನಾಲ್ಡ್ ಫಿಷರ್ ಅವರು ಆ ದಾರಿಯನ್ನು ತೋರಿದರು. ಹೊಲವನ್ನು ಚಿಕ್ಕ ಚಿಕ್ಕ ತಾಕುಗಳಾಗಿ ವಿಂಗಡಿಸಿ, ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರೆ, ಕಡೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಗೊಬ್ಬರದ ಪಾಲೆಷ್ಟು, ಆಕಸ್ಮಿಕದ ಪಾಲೆಷ್ಟು ಎಂದು ತೂಗಿನೋಡಬಹುದು. ಆಟಗಾರನನ್ನಾದರೋ ಎರಡು ತುಂಡುಮಾಡಿ ಅರ್ಧವನ್ನು ಹ್ಯೂಸ್ಟನ್ನಿನಲ್ಲೂ ಉಳಿದರ್ಧವನ್ನು ಪಿಟ್ಸ್‌ಬರ್ಗಿನಲ್ಲೂ ನೆಡಲು ಬರುವುದಿಲ್ಲ.

ಆದಕಾರಣ ಜನರು ಸುಲಭದ ಹಾದಿಯನ್ನು ಹಿಡಿಯುತ್ತಾರೆ. ಈ ತಂಡಕ್ಕೆ ಬರುವ ಮೊದಲು ಆತನ ಆಟ ಹೇಗಿತ್ತು, ಬಂದ ಮೇಲೆ ಹೇಗಾಯಿತು ಎಂದು ಕಳೆದು ನೋಡುತ್ತಾರೆ. ಈ ಲೆಕ್ಕದಲ್ಲಿ ಅಡಗಿರುವ ಮೋಸವನ್ನು ಮೊದಲು ಕಂಡವರು ಫ್ರಾನ್ಸಿಸ್ ಗಾಲ್ಟನ್. ಅವರು ೧೮೭೦ರ ದಶಕದಲ್ಲಿ ಸ್ವೀಟ್ ಪೀ ಎಂಬ ಹೂಬಳ್ಳಿಯ ಬೀಜಗಳನ್ನು ಗಾತ್ರಕ್ಕನುಸಾರವಾಗಿ ವಿಂಗಡಿಸಿ ಬೆಳೆಸಿದರು. ಅತಿ ದೊಡ್ಡ ಬೀಜಗಳ ಸಂತತಿಯು ತಾಯಿಬೀಜಗಳಷ್ಟು ದೊಡ್ಡದಾಗಲಿಲ್ಲ. ಅತಿ ಸಣ್ಣ ಬೀಜಗಳ ಸಂತತಿಯು ಅಷ್ಟು ಸಣ್ಣದಾಗಲಿಲ್ಲ. ಎರಡೂ ಸರಾಸರಿಯ ಕಡೆಗೆ ವಾಲಿದವು.

ಬೇಸ್‌ಬಾಲಿನಲ್ಲಿ ಇದೇ ಸಂಗತಿಯನ್ನು ತೋರಿಸಿಕೊಟ್ಟವರು ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು. ೧೯೭೦ರ ಋತುವಿನ ಆರಂಭದಲ್ಲಿ ತಲಾ ೪೫ ಸಲ ಬ್ಯಾಟು ಹಿಡಿದಿದ್ದ ೧೮ ಆಟಗಾರರನ್ನು ಅವರು ಪರಿಶೀಲನೆಗೆ ಆರಿಸಿಕೊಂಡರು. ಈ ಗುಂಪಿನ ಒಟ್ಟು ಸರಾಸರಿ, ನೂರು ಸರದಿಗೆ ೨೬.೫ ಯಶಸ್ವಿ ಹೊಡೆತಗಳು. ರಾಬರ್ಟೊ ಕ್ಲೆಮೆಂಟೆ ೪೫ರಲ್ಲಿ ೧೮ ಸಲ ಹೊಡೆದಿದ್ದನು, ಎಂದರೆ ನೂರಕ್ಕೆ ೪೦. ಋತುವಿನ ಉಳಿದ ಭಾಗದಲ್ಲಿ ಅದು ೩೪.೬ಕ್ಕೆ ಇಳಿಯಿತು. ಫ್ರಾಂಕ್ ರಾಬಿನ್ಸನ್ ೩೭.೮ರಿಂದ ೨೯.೮ಕ್ಕೂ, ಫ್ರಾಂಕ್ ಹೊವರ್ಡ್ ೩೫.೬ರಿಂದ ೨೭.೬ಕ್ಕೂ ಇಳಿದರು. ಪಟ್ಟಿಯ ತಳದಲ್ಲಿ ಇದರ ವಿಪರ್ಯಾಸ: ೪೫ರಲ್ಲಿ ಎಂಟೇ ಸಲ ಹೊಡೆದಿದ್ದ ಥರ್ಮನ್ ಮನ್ಸನ್, ನೂರಕ್ಕೆ ೧೭.೮ರಿಂದ ೩೧.೬ಕ್ಕೆ ನೆಗೆದು ಆ ವರ್ಷದ ಶ್ರೇಷ್ಠ ಹೊಸಬನೆಂಬ ಪ್ರಶಸ್ತಿಯನ್ನು ಪಡೆದನು. ಎಲ್ಲರಿಗಿಂತ ಕೆಳಗಿದ್ದ ಮ್ಯಾಕ್ಸ್ ಆಲ್ವಿಸ್ ಕೂಡ ೧೫.೬ರಿಂದ ೨೦ಕ್ಕೆ ಏರಿದನು.

ಮೇಲಿನವರೆಲ್ಲ ಸೋಮಾರಿಗಳಾದರೆ? ಕೆಳಗಿನವರಿಗೆ ಹೊಸ ಗುರು ದೊರೆತನೆ? ಅಂಥದೇನನ್ನೂ ಊಹಿಸಬೇಕಾದ್ದಿಲ್ಲ. ನೂರಕ್ಕೆ ೨೬.೫ರ ಸಾಮರ್ಥ್ಯವುಳ್ಳವನು ೪೫ ಸರದಿಗಳನ್ನಾಡಿದರೆ, ಅದೃಷ್ಟವೊಂದರಿಂದಲೇ ಆತನ ಅಂಕಿ ಆರೇಳರಷ್ಟು ಅತ್ತಿತ್ತ ಸರಿಯುವುದು ತೀರ ಸಾಮಾನ್ಯವೆಂದು ಗಣಿತವು ಹೇಳುತ್ತದೆ. ೫೦೦ ಸರದಿಗಳಾದರೂ ಎರಡರಷ್ಟು ಸರಿದಾಟ ಉಳಿದೇ ಇರುತ್ತದೆ. ಈಗ ಒಂದು ಚತುರ ತಂಡವನ್ನು ಕಲ್ಪಿಸಿಕೊಳ್ಳೋಣ. ಅದು ಪ್ರತಿವರ್ಷವೂ ಪಟ್ಟಿಯ ತಳದಲ್ಲಿರುವವರನ್ನು ಅಗ್ಗದ ಬೆಲೆಗೆ ಕೊಂಡುತಂದು ಸುಮ್ಮನೆ ಕೂರಿಸಿಕೊಳ್ಳುತ್ತದೆ. ಮರುವರ್ಷ ಅವರಲ್ಲಿ ಬಹುಮಂದಿ ಸುಧಾರಿಸುತ್ತಾರೆ! ಪತ್ರಿಕೆಗಳು ಆ ತಂಡದ ಗುರುಗಳನ್ನು ಕೊಂಡಾಡುತ್ತವೆ. ಇದಕ್ಕೆ ವಯಸ್ಸಿನ ಪ್ರಭಾವವನ್ನೂ ಸೇರಿಸಿಕೊಳ್ಳಬೇಕು. ಬೇಸ್‌ಬಾಲ್ ಆಟಗಾರನ ಕಸುವು ಸಾಮಾನ್ಯವಾಗಿ ೩೦ಕ್ಕೆ ಎರಡು ಮೂರು ವರ್ಷ ಮುಂಚೆ ತುತ್ತತುದಿಯನ್ನು ಮುಟ್ಟುತ್ತದೆ; ೨೨ರ ಹುಡುಗನನ್ನು ಕೊಂಡವರಿಗೆ ಪ್ರಕೃತಿಯೇ ಪುಕ್ಕಟೆಯಾಗಿ ಕೆಲಸಮಾಡಿಕೊಡುತ್ತದೆ.

ಹಾಗಾದರೆ ಬೆಳೆಸುವುದೆಂಬುದು ಬರಿಯ ಭ್ರಮೆಯೆ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಫಿಷರ್ ಅವರ ಪ್ರಯೋಗಕ್ಕೆ ಸ್ವಲ್ಪವಾದರೂ ಸಮೀಪವೆನ್ನಬಹುದಾದ ಸಾಹಸವೊಂದನ್ನು ಕ್ಯಾನ್ಸಸ್ ಸಿಟಿ ರಾಯಲ್ಸ್ ತಂಡದ ಒಡೆಯ, ಔಷಧೋದ್ಯಮಿ ಯೂಯಿಂಗ್ ಕಾಫ್‌ಮನ್, ೧೯೭೦ರಲ್ಲಿ ಕೈಗೊಂಡನು. ಯಾವ ತಂಡಕ್ಕೂ ಬೇಡವಾದ, ಬೇಸ್‌ಬಾಲನ್ನು ಹೆಚ್ಚಾಗಿ ಆಡದೆಯೂ ಇದ್ದ ತರುಣರನ್ನು ಅವರ ಓಟ, ದೃಷ್ಟಿ, ಚುರುಕು ಇವುಗಳನ್ನು ಅಳೆದು ಆರಿಸಿ, ಫ್ಲಾರಿಡಾದ ಸರಸೋಟಾದಲ್ಲಿ ಶಾಲೆಯೊಂದನ್ನು ನಡೆಸಿದನು. ಉಳಿದವರು ಕಣ್ಣಂದಾಜಿನಲ್ಲಿ ಕಲಿಸುತ್ತಿದ್ದುದನ್ನು ಅಲ್ಲಿ ಗಡಿಯಾರ ಹಿಡಿದು ಕಲಿಸಿದರು. ತನ್ನ ಪ್ರೌಢಶಾಲೆಯಲ್ಲಿ ಬೇಸ್‌ಬಾಲ್ ತಂಡವೇ ಇಲ್ಲದಿದ್ದ ಫ್ರಾಂಕ್ ವೈಟ್ ಎಂಬ ಹುಡುಗ ಅಲ್ಲಿಂದ ಹೊರಬಂದು ೧೯೭೩ರಿಂದ ೧೯೯೦ರವರೆಗೆ ಅದೇ ತಂಡಕ್ಕೆ ಆಡಿ, ಕ್ಷೇತ್ರರಕ್ಷಣೆಗಾಗಿ ಕೊಡುವ ‘ಗೋಲ್ಡ್ ಗ್ಲೋವ್’ ಪ್ರಶಸ್ತಿಯನ್ನು ಎಂಟು ಸಲ ಗಳಿಸಿದನು. ಇತರರು ಕಣ್ಣೆತ್ತಿಯೂ ನೋಡದವನನ್ನು ತಂದು ಕಲಿಸಿದಾಗ, ಕಲಿಸಿದ್ದಕ್ಕೆ ಬೆಲೆಯುಂಟೆಂದು ಒಪ್ಪಲೇಬೇಕು. ಆದರೂ ವೆಚ್ಚದ ಕಾರಣದಿಂದ ೧೯೭೪ರಲ್ಲಿ ಶಾಲೆಯನ್ನು ಮುಚ್ಚಲಾಯಿತು. ನಾಲ್ಕು ವರ್ಷಗಳಲ್ಲಿ ತೆಂಗು ಫಲಕೊಡಲಿಲ್ಲವೆಂದು ಕಡಿದ ಹಾಗಾಯಿತೆಂದು ನಮಗೆ ತೋರುತ್ತದೆ.

ನಮ್ಮ ದೇಶದ ಇಬ್ಬರೂ ಇಂಥ ಪರೀಕ್ಷೆಗೆ ಒಳಗಾದುದುಂಟು. ಉತ್ತರ ಪ್ರದೇಶದ ಭರ್ಜಿ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಚೆಂಡೆಸೆತದ ಸ್ಪರ್ಧೆಯೊಂದರಿಂದ ಆಯ್ಕೆಯಾಗಿ, ೨೦೦೮ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಒಪ್ಪಂದ ಮಾಡಿಕೊಂಡರು. ಪಟೇಲ್ ೨೦೧೦ರಲ್ಲಿ ಬಿಡುಗಡೆ ಹೊಂದಿದನು. ಸಿಂಗ್ ಕೆಳದರ್ಜೆಗಳಲ್ಲಿ ಕೆಲವು ಮೆಟ್ಟಿಲುಗಳನ್ನು ಹತ್ತಿ ಗಾಯದಿಂದ ನಿಂತನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯು ಇಪ್ಪತ್ತರ ಹರೆಯದಲ್ಲಿ ಹೊಸ ಆಟವನ್ನು ಹಿಡಿದವರಿಗೆ ನಿಷ್ಠುರವಾಗಿ ಅನ್ವಯಿಸುತ್ತದೆ.

ಬೆಳೆಸುವಿಕೆಯನ್ನು ನಂಬಲು ಇನ್ನೊಂದು ಬಲವಾದ ಆಧಾರವೆಂದರೆ, ಏನನ್ನು ತಿದ್ದಿದರೆಂಬುದು ಕಣ್ಣಿಗೆ ಕಾಣುವುದು. ಎಸೆತಗಾರ ಗೆರಿಟ್ ಕೋಲ್ ೨೦೧೮ರ ಜನವರಿಯಲ್ಲಿ ಇದೇ ಪಿಟ್ಸ್‌ಬರ್ಗಿನಿಂದ ಹ್ಯೂಸ್ಟನ್ ಆಸ್ಟ್ರೋಸ್ ತಂಡಕ್ಕೆ ಬಂದನು. ಒಂಬತ್ತು ಇನಿಂಗ್ಸಿಗೆ ಎಷ್ಟು ರನ್ ತೆತ್ತನೆಂಬುದು ಎಸೆತಗಾರನ ಅಳತೆಗೋಲು. ೨೦೧೭ರಲ್ಲಿ ೪.೨೬ ಇದ್ದುದು ೨೦೧೮ರಲ್ಲಿ ೨.೮೮ಕ್ಕೂ, ೨೦೧೯ರಲ್ಲಿ ೨.೫೦ಕ್ಕೂ ಇಳಿಯಿತು. ಆ ವರ್ಷ ಆತನು ೩೨೬ ಮಂದಿಯನ್ನು ‘ಸ್ಟ್ರೈಕೌಟ್’ ಮಾಡಿದನು, ಎಂದರೆ ಆಟಕ್ಕೆ ಚೆಂಡು ಸಿಕ್ಕದಂತೆಯೇ ಹಿಂದಕ್ಕೆ ಕಳುಹಿಸಿದನು. ತಿದ್ದುಪಡಿ ಏನು? ಕೆಳಕ್ಕೆ ಜಾರುವ ‘ಸಿಂಕರ್’ ಎಸೆತವನ್ನು ಬಹುಮಟ್ಟಿಗೆ ಬಿಡಿಸಿ, ‘ಫೋರ್ ಸೀಮ್’ ಎಂಬ ನೇರ ವೇಗದ ಎಸೆತವನ್ನು ಎದೆಯ ಮಟ್ಟದ ಕಡೆಗೆ ಎತ್ತರಿಸಿದರು.

ಇದರ ಹಿಂದಿನ ಭೌತಶಾಸ್ತ್ರವು ಸ್ವಾರಸ್ಯವಾದುದು. ಕ್ರಿಕೆಟ್ಟಿನ ವಿಕೆಟ್ಟುಗಳ ನಡುವೆ ೬೬ ಅಡಿ ದೂರವಿದ್ದರೆ, ಬೇಸ್‌ಬಾಲಿನ ಎಸೆತಗಾರನಿಗೂ ಗುರಿಗೂ ನಡುವೆ ೬೦ ಅಡಿ ೬ ಅಂಗುಲ. ಚೆಂಡು ನೆಲ ಮುಟ್ಟದೆ ಹಾರುತ್ತದೆ. ಗಂಟೆಗೆ ೯೫ ಮೈಲಿ ವೇಗದ ಚೆಂಡು ಈ ದೂರವನ್ನು ಸುಮಾರು ೦.೪ ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಗುರುತ್ವಾಕರ್ಷಣೆಯು ಅದನ್ನು ೩೦ ಅಂಗುಲದಷ್ಟು ಕೆಳಗೆಳೆಯಬೇಕು. ಆದರೆ ಬೆರಳ ತುದಿಯಿಂದ ಹಿಮ್ಮುಖವಾಗಿ ಸುತ್ತುತ್ತ ಹೊರಟ ಚೆಂಡು ತನ್ನ ಹಿಂದಣ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಪ್ರತಿಕ್ರಿಯೆಯಾಗಿ ಗಾಳಿಯು ಚೆಂಡನ್ನು ಮೇಲಕ್ಕೆ ಒತ್ತುತ್ತದೆ. ಇದಕ್ಕೆ ಜರ್ಮನಿಯ ಹೈನ್ರಿಕ್ ಮ್ಯಾಗ್ನಸ್ ಅವರ ಹೆಸರಿದೆ. ಈ ಒತ್ತಡವು ಇಳಿತದ ಅರ್ಧಕ್ಕೆ ಸಮೀಪದಷ್ಟನ್ನು ರದ್ದುಮಾಡಬಲ್ಲದು. ಇಷ್ಟು ಇಳಿಯುತ್ತದೆಂದು ಅಭ್ಯಾಸಬಲದಿಂದ ಎಣಿಸಿದ ದಾಂಡಿಗನ ಬ್ಯಾಟು ಚೆಂಡಿನ ಕೆಳಗೆ ಬೀಸಿಹೋಗುತ್ತದೆ. ಒಂದು ಸೆಕೆಂಡಿಗೆ ನೂರಾರು ಚಿತ್ರಗಳನ್ನು ಹಿಡಿಯುವ ಕ್ಯಾಮರಾ, ಸುತ್ತಿನ ವೇಗವನ್ನಳೆಯುವ ರೇಡಾರ್ ಇವು ಬಂದ ಮೇಲೆ ಯಾರ ಕೈಯಲ್ಲಿ ಯಾವ ಎಸೆತ ಅಡಗಿದೆಯೆಂದು ಅಳೆದು ಹೇಳಲು ಸಾಧ್ಯವಾಯಿತು. ಕೋಲ್‌ನ ಏಳಿಗೆಯಲ್ಲಿ ಅದೃಷ್ಟಕ್ಕಿಂತ ಮಿಗಿಲಾದುದು ಇತ್ತೆಂದು ನಾವು ನಂಬುವುದು ಈ ಕಾರ್ಯಕಾರಣ ಸಂಬಂಧದಿಂದ.

ಆದರೆ ಇದೇ ಹ್ಯೂಸ್ಟನ್ ತಂಡವು ಜೆ. ಡಿ. ಮಾರ್ಟಿನೆಜ಼್ ಎಂಬ ದಾಂಡಿಗನನ್ನು ೨೦೧೪ರ ಮಾರ್ಚಿಯಲ್ಲಿ ಕೈಬಿಟ್ಟಿತ್ತು. ಆತನು ಹಿಂದಿನ ಚಳಿಗಾಲದಲ್ಲಿ ಖಾಸಗಿ ಗುರುಗಳ ಬಳಿ ತನ್ನ ಬೀಸನ್ನೇ ಬದಲಿಸಿಕೊಂಡು ಬಂದಿದ್ದನು. ಡೆಟ್ರಾಯಿಟ್ ತಂಡವನ್ನು ಸೇರಿ ಅದೇ ವರ್ಷ ೨೩ ಹೋಂ ರನ್ ಹೊಡೆದನು. ಮೊದಲಿಗೂ ಬಳಿಕಕ್ಕೂ ನಡುವಿನ ವ್ಯತ್ಯಾಸವನ್ನು ಮಾತ್ರ ನೋಡುವವರು ಇದನ್ನು ಡೆಟ್ರಾಯಿಟ್‌ನ ಖಾತೆಗೆ ಜಮಾ ಮಾಡುತ್ತಾರೆ. ಅದು ಆ ತಂಡದ ಕೆಲಸವಾಗಿರಲಿಲ್ಲ. ಹ್ಯೂಸ್ಟನ್ನಿನ ೨೦೧೭ರ ದಾಂಡಿಗರ ಅಂಕಿಗಳಂತೂ ಈ ವಿಚಾರಕ್ಕೆ ನಿರುಪಯುಕ್ತ. ಆ ವರ್ಷ ಅವರು ಕ್ಯಾಮರಾದ ಮೂಲಕ ಎದುರಾಳಿಯ ಸನ್ನೆಗಳನ್ನು ಕದಿಯುತ್ತಿದ್ದರೆಂದು ಲೀಗು ೨೦೨೦ರ ಜನವರಿಯಲ್ಲಿ ತೀರ್ಮಾನಿಸಿ ದಂಡನೆ ವಿಧಿಸಿತು.

ಬೆಳೆಸುವ ಮಾತಾಡುವ ತಂಡಗಳು ಮೊಳಕೆಗೆ ನೀರೆರೆಯುವುದರಲ್ಲಿ ಬಹುಕಾಲ ಜಿಪುಣತನ ತೋರಿದುವು. ಕೆಳಗಿನ ದರ್ಜೆಯ ಆಟಗಾರನ ಸಂಬಳ ೨೦೨೨ರವರೆಗೆ ವರ್ಷಕ್ಕೆ ೪,೮೦೦ ಡಾಲರುಗಳಷ್ಟೆ. ಆಟಗಾರರು ಸಂಘವನ್ನು ಸೇರಿದ ಮೇಲೆ ೨೦೨೩ರ ಒಪ್ಪಂದದಿಂದ ಅದು ೧೯,೮೦೦ಕ್ಕೆ ಏರಿತು. ರೇಡಾರಿಗೂ ಕ್ಯಾಮರಾಕ್ಕೂ ಹಣವಿದ್ದು ಹುಡುಗರ ಊಟಕ್ಕೆ ಇಲ್ಲದಿದ್ದುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತಿತ್ತು.

ಇನ್ನೊಂದು ವೆಚ್ಚವನ್ನು ಆಟಗಾರನ ಮೊಣಕೈ ತೆರುತ್ತದೆ. ವೇಗವನ್ನೂ ಸುತ್ತನ್ನೂ ಹೆಚ್ಚಿಸುವ ತರಬೇತಿಯಿಂದ ಮೊಣಕೈಯ ಒಳಬದಿಯ ಅಸ್ಥಿಬಂಧದ ಮೇಲೆ ಅತಿಯಾದ ಎಳೆತ ಬೀಳುತ್ತದೆ. ಹರಿದ ಬಂಧಕ್ಕೆ ಬದಲಾಗಿ ದೇಹದ ಬೇರೆಡೆಯ ಸ್ನಾಯುರಜ್ಜುವನ್ನು ಕಸಿಮಾಡುವ ಶಸ್ತ್ರಚಿಕಿತ್ಸೆಯನ್ನು ಡಾಕ್ಟರ್ ಫ್ರಾಂಕ್ ಜೋಬ್ ಅವರು ೧೯೭೪ರಲ್ಲಿ ಟಾಮಿ ಜಾನ್ ಎಂಬ ಎಸೆತಗಾರನಿಗೆ ಮೊದಲು ಮಾಡಿದರು. ಆತನು ೧೯೭೬ರಲ್ಲಿ ಮರಳಿ ಬಂದು ಇನ್ನೂ ೧೬೪ ಪಂದ್ಯಗಳನ್ನು ಗೆದ್ದನು. ಅಂದು ಅಪೂರ್ವವಾಗಿದ್ದ ಚಿಕಿತ್ಸೆ ಈಗ ಹದಿಹರೆಯದ ಹುಡುಗರಿಗೂ ನಡೆಯುತ್ತದೆ. ಲೀಗು ೨೦೨೪ರ ಡಿಸೆಂಬರಿನಲ್ಲಿ ಹೊರಡಿಸಿದ ವರದಿಯು, ಹೆಚ್ಚಿನ ವೇಗದ ಬೆನ್ನುಹತ್ತಿರುವುದನ್ನು ಗಾಯಗಳ ಮುಖ್ಯ ಕಾರಣಗಳಲ್ಲಿ ಒಂದಾಗಿ ಎಣಿಸಿತು. ತೊಂದರೆಯೇನೆಂದರೆ, ಗಾಯಗೊಂಡು ಮರಳದವನಿಗೆ ‘ಬಳಿಕದ’ ಅಂಕಿಯೇ ಇರುವುದಿಲ್ಲವಾದ್ದರಿಂದ ಆತನು ಲೆಕ್ಕದಿಂದಲೇ ಬಿದ್ದುಹೋಗುತ್ತಾನೆ; ಉಳಿದವರ ಸರಾಸರಿ ಮಾತ್ರ ಸೊಗಸಾಗಿ ಕಾಣುತ್ತದೆ.

ಪಿಟ್ಸ್‌ಬರ್ಗಿನಿಂದ ೨೦೧೮ರಲ್ಲಿ ಟ್ಯಾಂಪಾ ಬೇ ತಂಡಕ್ಕೆ ಬಂದ ಟೈಲರ್ ಗ್ಲಾಸ್ನೊ ಮರುವರ್ಷ ೧.೭೮ರ ಅಂಕಿಯನ್ನು ಸಾಧಿಸಿದಾಗ, ಬೆಳೆಸುವ ವಿದ್ಯೆಗೆ ಆತನನ್ನೇ ನಿದರ್ಶನವಾಗಿ ತೋರಿಸಿದರು. ಆ ವರ್ಷ ಗಾಯದ ಕಾರಣ ಆತನು ಪಂದ್ಯವನ್ನು ಆರಂಭಿಸಿದ್ದು ೧೨ ಸಲ ಮಾತ್ರ. ೨೦೨೧ರಲ್ಲಿ ಆತನ ಮೊಣಕೈಗೂ ಶಸ್ತ್ರಚಿಕಿತ್ಸೆಯಾಯಿತು. ಹಿಂದೆ ಪ್ರಮುಖ ಎಸೆತಗಾರರು ಒಂದು ಋತುವಿನಲ್ಲಿ ೨೦೦ ಇನಿಂಗ್ಸ್ ಎಸೆಯುವುದು ವಾಡಿಕೆಯಾಗಿತ್ತು. ೨೦೨೪ರಲ್ಲಿ ಗ್ಲಾಸ್ನೊ ಎಸೆದ ೧೩೪ ಇನಿಂಗ್ಸ್, ಒಂದು ಋತುವಿನಲ್ಲಿ ಆತನು ಅದುವರೆಗೆ ಎಸೆದುದರಲ್ಲಿ ಅತಿ ಹೆಚ್ಚಿನದು.