ಹಿತ್ತಲಲ್ಲಿ ನಮ್ಮೂರ ಮರ: ನೆಟ್ಟರೆ ಸಾಲದು, ಉಳಿಯಬೇಕು



ಜೂನ್ ತಿಂಗಳು ಬಂತೆಂದರೆ ಎಲ್ಲೆಲ್ಲೂ ಸಸಿ ನೆಡುವ ಕಾರ್ಯಕ್ರಮ. ಆದರೆ ಮುಂದಿನ ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಎಷ್ಟು ಸಸಿ ಉಳಿದಿರುತ್ತವೆ? ಒಂದಿಷ್ಟು ಆಡಿನ ಪಾಲು, ಒಂದಿಷ್ಟು ಬಿಸಿಲಿನ ಪಾಲು. ಹತ್ತು ಸಸಿ ನೆಟ್ಟು ಮರೆಯುವುದಕ್ಕಿಂತ ಎರಡು ಸಸಿ ನೆಟ್ಟು ಸಾಕುವುದು ಮೇಲು. ಈ ಸಲ ನಾವು ಅದನ್ನೇ ತಿಳಿದುಕೊಳ್ಳೋಣ.

ನಮ್ಮೂರ ಮರ ಯಾವುದು?

ಸಿಲ್ವರ್ ಓಕ್, ನೀಲಗಿರಿ ಆಸ್ಟ್ರೇಲಿಯಾದಿಂದ ಬಂದವು. ಗುಲ್‌ಮೊಹರ್ ಮಡಗಾಸ್ಕರ್‌ನದು. ಸೀಬೆ, ಪರಂಗಿ ಅಮೆರಿಕ ಖಂಡದವು. ಇವೆಲ್ಲ ಕೆಟ್ಟವು ಅಂತಲ್ಲ. ಸಿಲ್ವರ್ ಓಕ್ ಮೆಣಸಿನ ಬಳ್ಳಿಗೆ ಆಸರೆ, ಸೀಬೆ ಮಕ್ಕಳಿಗೆ ಹಣ್ಣು. ಆದರೆ ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ನಮ್ಮ ರಾಜ್ಯ ಸರ್ಕಾರವೇ 2017ರಲ್ಲಿ ನಿಷೇಧಿಸಿತು. ಹೊಂಗೆ, ನೆಲ್ಲಿ, ನೇರಳೆ, ಹಲಸು, ಅತ್ತಿ ಈ ಮಣ್ಣಿನ ಗಿಡಗಳು. ನಮ್ಮ ಹಕ್ಕಿ, ಜೇನು ಇವನ್ನು ನಂಬಿಕೊಂಡಿವೆ. ಒಮ್ಮೆ ಬೇರು ಬಿಟ್ಟರೆ ಹೆಚ್ಚು ಆರೈಕೆ ಕೇಳುವುದಿಲ್ಲ.

ಒಂದು ಜಿಲ್ಲೆಯೊಳಗೂ ಮಣ್ಣು ಒಂದೇ ಅಲ್ಲ. ಅರಸೀಕೆರೆ ಕಡೆ ಬಯಲುಸೀಮೆ, ತೆಂಗಿನ ನಾಡು. ಅಲ್ಲಿ ಬೇವು, ಹೊಂಗೆ ಚೆನ್ನಾಗಿ ಬರುತ್ತವೆ. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಕಡೆ ಮಳೆ ಜಾಸ್ತಿ, ಕಾಫಿ ಬೆಳೆಯುವ ಜಾಗ. ಅಲ್ಲಿ ಹಲಸು, ನೇರಳೆ, ಅತ್ತಿಗೆ ಅನುಕೂಲ. ಊರಿನ ಹಳೇ ಮರಗಳನ್ನು ನೋಡಿದರೆ ನಿಮಗೇ ಗೊತ್ತಾಗುತ್ತೆ.

ಹಿತ್ತಲಿಗೆ ಯಾವುದು ಸೂಕ್ತ?

ನೆಲ್ಲಿ: ಸಿ ಜೀವಸತ್ವ ಹೇರಳ. ಉಪ್ಪಿನಕಾಯಿ ಮಾಡಿ ಸಂಘದಿಂದ ಮಾರಬಹುದು. ಒಂಟಿ ಮರಕ್ಕೆ ಕಾಯಿ ಕಡಿಮೆ. ಆದ್ದರಿಂದ ಎರಡು ಬೇರೆ ಬೇರೆ ತಳಿ ನೆಡಿ. ನಿಮ್ಮಲ್ಲಿ ಒಂದು, ಪಕ್ಕದ ಮನೆಯಲ್ಲಿ ಒಂದು ಇದ್ದರೂ ಆಯ್ತು.

ಹೊಂಗೆ: ತಂಪು ನೆರಳು. ಸೊಪ್ಪು, ಹಿಂಡಿ ಎರಡೂ ಒಳ್ಳೆಯ ಗೊಬ್ಬರ. ಬೀಜದ ಎಣ್ಣೆ ದೀಪಕ್ಕೆ ಆಗುತ್ತೆ, ಅಡುಗೆಗೆ ಬೇಡ.

ನುಗ್ಗೆ: ಜಾಗ ಚಿಕ್ಕದಿದ್ದರೆ ಇದೇ ಸರಿ. ಸೊಪ್ಪಿನಲ್ಲಿ ಕಬ್ಬಿಣ, ಸುಣ್ಣದ ಅಂಶ ಇದೆ. ನೀರು ನಿಂತರೆ ಬೇರು ಕೊಳೆಯುತ್ತೆ, ಎತ್ತರದ ಜಾಗದಲ್ಲಿ ನೆಡಿ.

ಹಲಸು: ಬೀಜ ಹಾಕಿದರೆ ಫಲಕ್ಕೆ ಏಳೆಂಟು ವರ್ಷ ಕಾಯಬೇಕು, ಕಸಿ ಗಿಡ ಬೇಗ ಕಾಯಿ ಬಿಡುತ್ತೆ. ಆದರೆ ಎಚ್ಚರ! ಬೇಲೂರು ತಾಲ್ಲೂಕಿನ ಕಾಫಿ ತೋಟಗಳಲ್ಲಿ ಕಾಡಾನೆ ಓಡಾಟ ಇದೆ, ಜೀವಹಾನಿಯೂ ಆಗಿದೆ. ಹಲಸಿನ ಹಣ್ಣಿನ ವಾಸನೆಗೆ ಆನೆ ಬರುತ್ತೆ. ಆನೆ ತಿರುಗಾಡುವ ಕಡೆ ಮನೆ ಹತ್ತಿರ ಹೊಸದಾಗಿ ಹಲಸು ಬೇಡ. ಮರ ಈಗಾಗಲೇ ಇದ್ದರೆ ಕಾಯಿಯನ್ನು ಎಳೆಯದಿರುವಾಗಲೇ ಕೊಯ್ದು ಪಲ್ಯ, ಹಪ್ಪಳಕ್ಕೆ ಬಳಸಿ.

ನೆಡುವ ಕ್ರಮ

1. ಬೇಸಿಗೆಯಲ್ಲೇ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ.
2. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತೆ.
3. ಮಳೆ ಹಿಡಿದ ಮೇಲೆ, ಬೇರಿನ ಮಣ್ಣು ಒಡೆಯದಂತೆ ಪ್ಲಾಸ್ಟಿಕ್ ಚೀಲ ಕತ್ತರಿಸಿ ತೆಗೆದು ನೆಡಿ.
4. ದೊಡ್ಡದಾಗುವ ಮರ ಗೋಡೆಯಿಂದ ಇಪ್ಪತ್ತು ಅಡಿಯಾದರೂ ದೂರ ಇರಲಿ. ಕರೆಂಟ್ ತಂತಿಯ ಕೆಳಗೆ ಬೇಡವೇ ಬೇಡ.
5. ಅದೇ ದಿನ ಮುಳ್ಳಿನ ಬೇಲಿ ಕಟ್ಟಿ. ನಾಳೆ ಅಂದರೆ ಆಡು ಕಾಯುವುದಿಲ್ಲ.

ಮೊದಲ ಎರಡು ಬೇಸಿಗೆ

ಗಿಡದ ಅಳಿವು ಉಳಿವು ನಿಂತಿರುವುದು ಇಲ್ಲಿ. ಬುಡಕ್ಕೆ ತರಗೆಲೆ ಹೊದಿಸಿ. ತೂತಿನ ಮಡಕೆಗೆ ಬಟ್ಟೆಯ ಬತ್ತಿ ಹಾಕಿ ಬುಡದಲ್ಲಿ ಹೂಳಿ, ನೀರು ತುಂಬಿಡಿ. ತೊಟ್ಟು ತೊಟ್ಟಾಗಿ ಬೇರಿಗೆ ಇಳಿಯುತ್ತೆ. ಅಕ್ಕಿ, ತರಕಾರಿ ತೊಳೆದ ನೀರನ್ನೂ ಚೆಲ್ಲಬೇಡಿ.

ಮಾಗಡಿ ತಾಲ್ಲೂಕಿನ ಸಾಲುಮರದ ತಿಮ್ಮಕ್ಕನವರು ನಮಗೆಲ್ಲ ಗೊತ್ತು. ಹುಲಿಕಲ್–ಕುದೂರು ರಸ್ತೆಯಲ್ಲಿ ಅವರು, ಅವರ ಪತಿ ಬೆಳೆಸಿದ್ದು 385 ಆಲದ ಮರ ಎನ್ನುತ್ತಾರೆ. ಓದು ಬರಹ ಇರಲಿಲ್ಲ, ಕೂಲಿ ಜೀವನ. ಸಸಿ ನೆಟ್ಟು ಸುಮ್ಮನಾಗಲಿಲ್ಲ. ದೂರದಿಂದ ನೀರು ಹೊತ್ತರು, ಮುಳ್ಳು ಕಟ್ಟಿ ಕಾದರು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು, ಮರಗಳು ನಿಂತಿವೆ.

ಅರಣ್ಯ ಇಲಾಖೆ 2011–12ರಲ್ಲಿ ಶುರುಮಾಡಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ಇದೇ ಲೆಕ್ಕದ್ದು. ಜಮೀನಿನಲ್ಲಿ ನೆಟ್ಟ ಗಿಡ ಬದುಕಿದ್ದರೆ ಮಾತ್ರ ಪ್ರೋತ್ಸಾಹಧನ. ವಿವರವನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಸ್ವಂತ ಜಾಗದ್ದಾದರೂ ಹಲವು ಜಾತಿಯ ಮರ ಕಡಿಯಲು 1976ರ ಕಾಯಿದೆಯಂತೆ ಅನುಮತಿ ಬೇಕು. ಅದನ್ನೂ ಅಲ್ಲೇ ವಿಚಾರಿಸಿ.

ಸಂಘದ ಸಭೆಯಲ್ಲಿ ಚರ್ಚಿಸಿ

• ಹೋದ ವರ್ಷ ನೆಟ್ಟ ಸಸಿಗಳಲ್ಲಿ ಎಷ್ಟು ಉಳಿದಿವೆ? ಉಳಿಯದಿದ್ದರೆ ಕಾರಣವೇನು?
• ಯಾರ ಹಿತ್ತಲಿಗೆ ಯಾವ ಗಿಡ ಸೂಕ್ತ?
• ಬೇಸಿಗೆಯಲ್ಲಿ ಸದಸ್ಯೆ ಊರಲ್ಲಿ ಇಲ್ಲದಾಗ ನೀರು ಹಾಕುವವರು ಯಾರು?

ಹದಿನೈದು ಸದಸ್ಯೆಯರು ಎರಡೆರಡು ಗಿಡ ಉಳಿಸಿದರೆ ಊರಿಗೆ ಮೂವತ್ತು ಮರ. ಉಳಿತಾಯದ ಪುಸ್ತಕದಂತೆ ಗಿಡದ ಲೆಕ್ಕಕ್ಕೂ ಒಂದು ಪುಟ ಇಡಿ. ನೆಟ್ಟ ದಿನದ ಲೆಕ್ಕ ಬೇಡ, ಎರಡನೇ ಬೇಸಿಗೆ ದಾಟಿದ ಗಿಡದ ಲೆಕ್ಕ ಬರೆಯೋಣ.