ಕಣ್ಣಿಗೆ ಕಾಣದ ಅಂಗಡಿಗೂ ಕಟ್ಟಳೆ ಉಂಟು

ರೈತ ಬಾಂಧವರೇ, ಸಂತೆಯಲ್ಲಿ ಬೀಜ ಕೊಳ್ಳುವಾಗ ನೀವು ಕಾಳನ್ನು ಅಂಗೈಯಲ್ಲಿಟ್ಟು ನೋಡುತ್ತೀರಿ. ಕೆಟ್ಟರೆ ಮುಂದಿನ ಸಂತೆಯಲ್ಲಿ ಅಂಗಡಿಯವನನ್ನೇ ಹಿಡಿದು ಕೇಳುತ್ತೀರಿ. ಮೊಬೈಲಿನ ಅಂಗಡಿಯಲ್ಲಿ ಇವೆರಡೂ ಆಗದು. ಆದುದರಿಂದಲೇ ಭಾರತ ಸರ್ಕಾರವು 2020ರ ಜುಲೈ ತಿಂಗಳಲ್ಲಿ ಇ-ವಾಣಿಜ್ಯದ ನಿಯಮಗಳನ್ನು ಜಾರಿಗೆ ತಂದಿತು.

ಇವುಗಳಂತೆ ಮಾರುವವನು ತನ್ನ ಹೆಸರು, ವಿಳಾಸ ಮತ್ತು ದೂರು ಕೇಳುವ ಅಧಿಕಾರಿಯ ಹೆಸರನ್ನು ತೋರಿಸಲೇಬೇಕು. ತೆರಿಗೆ, ಸಾಗಣೆ ಸೇರಿಸಿ ಒಟ್ಟು ಬೆಲೆಯನ್ನು ಮೊದಲೇ ಹೇಳಬೇಕು. ದೋಷವುಳ್ಳ ಅಥವಾ ಹೇಳಿದ್ದಕ್ಕಿಂತ ಬೇರೆಯಾದ ಸರಕು ಬಂದರೆ, ಹಿಂದಕ್ಕೆ ಪಡೆಯಲು ಒಲ್ಲೆನೆನ್ನುವಂತಿಲ್ಲ. ದೂರು ಮುಟ್ಟಿತೆಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು.

ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಪಿತ್ತಿದೆ.

ಆದರೆ ಹಕ್ಕಿಗೆ ಪುರಾವೆ ಬೇಕು. ರಸೀದಿ, ಚೀಲ, ಅದರ ಮೇಲಿನ ಚೀಟಿ ಇವುಗಳನ್ನು ಬಿಸಾಡಬೇಡಿ. ಬಿತ್ತುವ ಮುನ್ನ ಒಂದು ಹಿಡಿ ಬೀಜ ತೆಗೆದಿಡಿ. ಮೊದಲು ಮಾರಿದವನಿಗೆ ದೂರಿಡಿ. ಅವನು ಕಿವಿಗೊಡದಿದ್ದರೆ 1915 ಎಂಬ ಸಂಖ್ಯೆಗೆ ಕರೆ ಮಾಡಿ. ಆಗಲೂ ಬಗೆಹರಿಯದಿದ್ದರೆ, ಎರಡು ವರ್ಷಗಳೊಳಗೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಮಾರಿದವನ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ನಾಳೆ ನೀವೇ ನಿಮ್ಮ ಬೆಲ್ಲವನ್ನೋ ಜೇನನ್ನೋ ಹೀಗೆ ವ್ಯಾಪಾರವಾಗಿ ಮಾರಹೊರಟರೆ, ಈ ಕಟ್ಟಳೆ ನಿಮಗೂ ಅನ್ವಯಿಸುತ್ತದೆ. ಕೊಳ್ಳುವಾಗ ಕೇಳುವ ನ್ಯಾಯವನ್ನು ಮಾರುವಾಗಲೂ ನಡೆಸಿಕೊಡಿ.