ಕೊನೆಗೌಡನ ಮೈಗೆ ಯಾರು ಕಾವಲು?

ಅಡಿಕೆಯ ಧಾರಣೆ, ಕೊಳೆರೋಗ ಮತ್ತು ತಳಿಗಳ ಬಗ್ಗೆ ನಡೆದಿರುವಷ್ಟು ಚರ್ಚೆ, ಆ ಅಡಿಕೆಯನ್ನು ಮರದಿಂದ ಇಳಿಸುವ ಮನುಷ್ಯನ ಮೊಣಕಾಲು, ಮುಂಗೈ ಮತ್ತು ಬೆನ್ನುಹುರಿಗಳ ಬಗ್ಗೆ ನಡೆದಿಲ್ಲ. ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಕೊಯ್ಯುವ, ಮಳೆಗಾಲದಲ್ಲಿ ಮದ್ದು ಹೊಡೆಯುವ ಈ ಕುಶಲಕರ್ಮಿಯನ್ನು ಮಲೆನಾಡಿನಲ್ಲಿ ಕೊನೆಗೌಡ ಎಂದು ಕರೆಯುತ್ತಾರೆ. ಆತ ಸಿಗುವುದಿಲ್ಲ ಎಂಬ ದೂರು ಊರೂರಿನಲ್ಲಿ ಕೇಳಿಬರುತ್ತದೆ. ಆತನ ಮೈ ಆ ಕೆಲಸವನ್ನು ಎಷ್ಟು ವರ್ಷ ತಾಳೀತು ಎಂಬ ಪ್ರಶ್ನೆ ಮಾತ್ರ ಅಪರೂಪ.

ಶಿರಸಿ ಸೀಮೆಯ ತೋಟವೊಂದರಲ್ಲಿ ಕೊಯ್ಲು ನಡೆಯುತ್ತಿದ್ದಾಗ ಹತ್ತಿರದಿಂದ ಕಂಡ ನೋಟವೇ ಈ ಬರಹಕ್ಕೆ ಪ್ರೇರಣೆ. ಅಲ್ಲಿ ಎಲ್ಲಕ್ಕಿಂತ ಮೊದಲು ಗಮನ ಸೆಳೆಯುವುದು ತಳೆ, ಅಂದರೆ ಎರಡೂ ಪಾದಗಳನ್ನು ಒಂದು ಅಂತರದಲ್ಲಿ ಹಿಡಿದಿಡುವ ಹಗ್ಗದ ಬಳೆ. ನೋಡಲು ಅಷ್ಟೇನೂ ಮಹತ್ವದ್ದಲ್ಲವೆನಿಸುವ ಈ ಸಾಧನ ಅಪ್ಪಟ ಯಂತ್ರವಿಜ್ಞಾನ. ಪಾದಗಳು ಮರದ ಎರಡು ಬದಿಗೆ ಆತುಕೊಂಡಾಗ ಅವು ಅತ್ತಿತ್ತ ಸರಿದುಹೋಗದಂತೆ ತಳೆ ತಡೆಯುತ್ತದೆ; ದೇಹದ ಭಾರ ಕೆಳಕ್ಕೆ ಜಗ್ಗಿದಷ್ಟೂ ತಳೆ ಬಿಗಿಯಾಗಿ, ಅಂಗಾಲುಗಳು ಕಾಂಡವನ್ನು ಇನ್ನಷ್ಟು ಒತ್ತಿ ಹಿಡಿಯುತ್ತವೆ. ಒತ್ತಡ ಹೆಚ್ಚಿದಂತೆ ಘರ್ಷಣೆಯೂ ಹೆಚ್ಚುವುದರಿಂದ, ಬೀಳಿಸಬೇಕಾದ ಭಾರವೇ ಹಿಡಿತವಾಗಿ ಮಾರ್ಪಡುತ್ತದೆ.

ತಳೆಯ ಇನ್ನೊಂದು ಉಪಕಾರ ಅದಕ್ಕಿಂತ ದೊಡ್ಡದು. ಪಳಗಿದ ಕೊನೆಗೌಡ ಮರವನ್ನು ತೋಳಿನಿಂದ ತಬ್ಬಿ, ಮೊಣಕಾಲುಗಳನ್ನು ಎದೆಯತ್ತ ಎಳೆದುಕೊಂಡು, ತಳೆ ಕಚ್ಚಿದ ಮೇಲೆ ಕಾಲು ನೀಳವಾಗಿಸಿ ಮೇಲೇಳುತ್ತಾನೆ. ಎತ್ತುವ ಕೆಲಸ ತೊಡೆಯದು, ಮೈ ಹಿಂದಕ್ಕೆ ವಾಲದಂತೆ ನೋಡಿಕೊಳ್ಳುವುದಷ್ಟೇ ಕೈಯದು. ಹೊಸಬನು ಇದನ್ನು ತಿರುವುಮುರುವು ಮಾಡಿ ಕೈಯಿಂದಲೇ ಮೈ ಎಳೆದುಕೊಳ್ಳುತ್ತಾನೆ. ಬಿಟ್ಟೂಬಿಡದೆ ಬಿಗಿಹಿಡಿದ ಮುಂಗೈಯ ಸ್ನಾಯುಗಳಲ್ಲಿ ರಕ್ತಸಂಚಾರ ಕುಂದುವುದರಿಂದ ಆತನ ಹಿಡಿತ ಬೇಗನೆ ಸೋಲುತ್ತದೆ, ಅದೂ ಹಿಡಿತ ಅತಿ ಅಗತ್ಯವಾದ ತುದಿಯಲ್ಲೇ. ಹಾಗಾಗಿ ಮರ ಹತ್ತುವ ತರಬೇತಿಯೆಂದರೆ ಧೈರ್ಯ ತುಂಬುವುದಲ್ಲ, ಭಾರವನ್ನು ಕೈಯಿಂದ ಕಾಲಿಗೆ ದಾಟಿಸುವುದನ್ನು ಮೈಗೆ ಕಲಿಸುವುದು. ಎದೆಯೆತ್ತರದಲ್ಲೇ ದಿನಗಟ್ಟಲೆ ಕಲಿಸಬೇಕಾದ ಪಾಠ ಇದು.

ತುದಿಯಲ್ಲಿ ಕೊನೆಯನ್ನು ಕೊಯ್ದು ಹಗ್ಗದಗುಂಟ ಕೆಳಕ್ಕೆ ಜಾರಿಸಿದ ಮೇಲೆ ಕೊನೆಗೌಡ ಇಳಿಯುವುದಿಲ್ಲ. ಮರವನ್ನೇ ತೂಗಿ, ಸುಮಾರು 9 ಅಡಿ ಆಚೆಗಿರುವ ಪಕ್ಕದ ಮರವನ್ನು ಸೆಳೆದು ಹಿಡಿದು, ಅದಕ್ಕೆ ದಾಟಿಕೊಳ್ಳುತ್ತಾನೆ. ಹತ್ತಿಳಿಯುವ ಶ್ರಮ ಇದರಿಂದ ಬಹಳ ಉಳಿಯುತ್ತದೆ. ದಣಿವು ಕಡಿಮೆಯಾಗುವುದೂ ಒಂದು ಬಗೆಯ ಸುರಕ್ಷತೆಯೇ. ಆದರೆ ಎರಡು ಮರಗಳ ನಡುವಿನ ಆ ಗಳಿಗೆಯೇ ಇಡೀ ಕಸುಬಿನ ಅತ್ಯಂತ ಅಪಾಯದ ಗಳಿಗೆ. 12 ಮೀಟರ್ ಎತ್ತರದಿಂದ ಜಾರಿದ ದೇಹ ಸುಮಾರು ಒಂದೂವರೆ ಸೆಕೆಂಡಿನಲ್ಲಿ, ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಕೊನೆಗೌಡರು ಸೊಂಟದ ಹಗ್ಗ ಬೇಡವೆನ್ನುವುದನ್ನು ಹಟಮಾರಿತನವೆಂದು ಬಗೆಯುವವರು ಇದನ್ನು ಗಮನಿಸಿಲ್ಲ: ಒಂದೇ ಹಗ್ಗವಿದ್ದರೆ ದಾಟುವ ಹೊತ್ತಿಗೆ ಅದನ್ನು ಬಿಚ್ಚಲೇಬೇಕು, ಅಂದರೆ ಬೇಕಾದ ಗಳಿಗೆಯಲ್ಲೇ ಅದು ಇರುವುದಿಲ್ಲ. ಎತ್ತರದ ಗೋಪುರಗಳಲ್ಲಿ ದುಡಿಯುವವರು ಬಳಸುವ ಎರಡು ಕೊಂಡಿಗಳ ಕ್ರಮ, ಅಂದರೆ ಎರಡನೆಯದನ್ನು ಸಿಕ್ಕಿಸಿದ ಮೇಲಷ್ಟೇ ಮೊದಲನೆಯದನ್ನು ಬಿಚ್ಚುವ ಕ್ರಮ, ಇಲ್ಲಿಗೂ ಹೊಂದಬಲ್ಲದು. ಆದರೆ ರೆಂಬೆಯಿಲ್ಲದ ನುಣುಪು ಕಾಂಡದಲ್ಲಿ ಸಡಿಲ ಕುಣಿಕೆ ಜಾರುವುದರಿಂದ, ಭಾರ ಬಿದ್ದೊಡನೆ ಬಿಗಿಯುವ ಕುಣಿಕೆಯೇ ಆಗಬೇಕು. ಪಟ್ಟಿಯೂ ಸೊಂಟಕ್ಕಷ್ಟೇ ಇದ್ದರೆ ಬಿದ್ದ ಹೊಡೆತವೆಲ್ಲ ಹೊಟ್ಟೆ ಮತ್ತು ಬೆನ್ನೆಲುಬಿನ ಮೇಲೆ ಬೀಳುತ್ತದೆ. ತೊಡೆ ಮತ್ತು ಭುಜಗಳನ್ನೂ ಸುತ್ತುವ ಪಟ್ಟಿ ಅದನ್ನು ಹಂಚುತ್ತದೆ.

ಕೊಯ್ಲಿಗಷ್ಟೇ ಅಲ್ಲ, ಮದ್ದು ಹೊಡೆಯಲೂ ಕೊನೆಗೌಡ ಮರ ಹತ್ತಬೇಕು. ಆ ಮದ್ದಿನ ಚರಿತ್ರೆಯ ಕಡೆಗೆ ನೋಡಿದರೆ, ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಅಡಿಕೆಗೆ ಬಳಕೆಗೆ ತಂದರು. ತೋಟಗಳು ಉಳಿದವು, ಅದು ಮರೆಯಲಾಗದ ಉಪಕಾರ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಆ ಸೂತ್ರ ಬೆಳೆಗಾರರಿಗೆ ಬಾಯಿಪಾಠ. ಆದರೆ ಮದ್ದಿನ ಎರಡನೆಯ ಸುತ್ತು ಬರುವುದು ಮಳೆಯ ನಡುವೆ, ಕಾಂಡದ ಮೇಲೆ ಪಾಚಿ ಕಟ್ಟಿದಾಗ; ತಳೆಯ ಘರ್ಷಣೆ ಕಳೆದುಹೋಗುವುದೂ ಆಗಲೇ. ಬಿಸಿಲು ಕಂಡೊಡನೆ ಹತ್ತಿಸುವ ಬದಲು ಕಾಂಡ ಆರುವವರೆಗೆ ಕಾಯುವುದು ತೋಟದ ಯಜಮಾನನಿಗೆ ಬಿಟ್ಟ ನಿರ್ಧಾರ, ಕೊನೆಗೌಡನದಲ್ಲ.

ಈಚಿನ ಉಪಾಯಗಳೂ ಇವೆ. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ ಅವರು ರೂಪಿಸಿದ ಮರ ಹತ್ತುವ ಬೈಕು ದೇಶದ ಗಮನ ಸೆಳೆಯಿತು. ಮರದಿಂದ ಮರಕ್ಕೆ ದಾಟಲಾಗದೆ ಪ್ರತಿ ಬಾರಿ ಇಳಿಯಬೇಕೆಂಬುದು ಅದರ ಮಿತಿ. ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬೀಳುವ ಭಯವನ್ನೇ ತೆಗೆದುಹಾಕುತ್ತದೆ, ಆದ್ದರಿಂದ ಅದಕ್ಕೆ ಆದ್ಯತೆ ಸಲ್ಲಬೇಕು. ಆದರೂ ದಿನವಿಡೀ ಕತ್ತು ಮೇಲೆತ್ತಿ ದುಡಿದರೆ ನೋವು ಕುತ್ತಿಗೆ, ಭುಜಗಳಿಗೆ ಇಳಿಯುತ್ತದೆ. ಆಗಾಗ ಇಬ್ಬರು ಕೆಲಸ ಬದಲಿಸಿಕೊಳ್ಳುವುದು ಇದಕ್ಕೆ ಸರಳ ಪರಿಹಾರ. ಕಾರ್ಬನ್ ಫೈಬರ್ ವಿದ್ಯುತ್ ಹರಿಸಬಲ್ಲ ವಸ್ತುವೆಂಬುದು ಹಲವರಿಗೆ ತಿಳಿದಿಲ್ಲ. ತಂತಿ ಹಾದುಹೋದ ಕಡೆ ಅಲ್ಯೂಮಿನಿಯಂ ದೋಟಿಯಷ್ಟೇ ಇದೂ ಪ್ರಾಣಾಂತಿಕ.

ಇನ್ನು ಮೈಯ ಮಾತು. ತಿಂಗಳುಗಟ್ಟಲೆ ಮರ ಮುಟ್ಟದ ಮೈ ಹಂಗಾಮಿನ ಮೊದಲ ದಿನವೇ ಪೂರ್ತಿ ದುಡಿಮೆಗೆ ಇಳಿಯುವುದು ವಾಡಿಕೆ, ಇದು ತಪ್ಪು. ಮೊದಲ ವಾರ ಅರ್ಧ ದಿನ, ಚಿಕ್ಕ ಮರಗಳಿಂದ ಆರಂಭಿಸಿದರೆ ಸ್ನಾಯು ಮತ್ತು ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಬೆಸೆಯುವ ಗಟ್ಟಿ ಪಟ್ಟಿಗಳು, ಹೊಂದಿಕೊಳ್ಳುತ್ತವೆ. ಇಳಿಯುವಾಗ ತೊಡೆಯ ಸ್ನಾಯು ಭಾರ ತಡೆಯುತ್ತಲೇ ಉದ್ದವಾಗುವುದರಿಂದ ಮರುದಿನದ ನೋವಿಗೆ ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು ಕಾರಣ. ಬಿಡುವಿನ ತಿಂಗಳುಗಳಲ್ಲಿ ಬಸ್ಕಿ ಹೊಡೆಯುವುದು, ಅದರಲ್ಲೂ ನಿಧಾನವಾಗಿ ಕೂರುವುದು, ಇದಕ್ಕೆ ಮೈಯನ್ನು ಹದಗೊಳಿಸುತ್ತದೆ. ಬಾಯಾರಿಕೆಗೆ ಕಾಯದೆ ನೀರು ಕುಡಿಯುವುದು, ಮುಂಗೈ ನಡುಗತೊಡಗಿದರೆ ಅಂದಿಗೆ ಇಳಿದುಬಿಡುವುದು, ಹಿಂದಿನ ರಾತ್ರಿ ಕುಡಿದಿದ್ದರೆ ತಳೆ ಮುಟ್ಟದಿರುವುದು, ಇವೆಲ್ಲ ಯಾವ ಪಟ್ಟಿಗಿಂತಲೂ ಕಡಿಮೆಯಲ್ಲದ ರಕ್ಷಣೆ. ದಿನದ ಸಂಬಳ ಮರಗಳ ಲೆಕ್ಕದಲ್ಲಿ ನಿಗದಿಯಾದ ಕಡೆ ಮಾತ್ರ ಇಳಿದುಬಿಡುವ ಸ್ವಾತಂತ್ರ್ಯ ಕೊನೆಗೌಡನಿಗೆ ಇರುವುದಿಲ್ಲ, ಅದನ್ನು ಕೊಡಬೇಕಾದವನು ಕೂಲಿ ಕೊಡುವವನೇ.

ಇಷ್ಟಾಗಿಯೂ ಬಿದ್ದರೆ, ಸುತ್ತಲಿದ್ದವರು ಕರುಣೆಯಿಂದಲೇ ಮಾಡುವ ಕೆಲಸ ಹೆಚ್ಚಿನ ಹಾನಿ ತರಬಹುದು. ಬಿದ್ದವನನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದಾಗ ಮುರಿದ ಕಶೇರುಕ, ಅಂದರೆ ಬೆನ್ನೆಲುಬಿನ ಒಂದು ಮಣಿ, ಬೆನ್ನುಹುರಿಯನ್ನು ಒತ್ತಿ ಕಾಲುಗಳ ಶಕ್ತಿ ಶಾಶ್ವತವಾಗಿ ಹೋಗಬಹುದು. ಉಸಿರಾಟ ಸರಿಯಿದ್ದು ಸುತ್ತ ಬೇರೆ ಅಪಾಯವಿಲ್ಲದಿದ್ದರೆ ಆತನನ್ನು ಬಿದ್ದಲ್ಲೇ ಅಲುಗದಂತೆ ಮಲಗಿಸಿ, ತಲೆಯನ್ನು ಎರಡೂ ಕೈಗಳಿಂದ ಹಿಡಿದು, 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರಲಾಗದ ತೋಟದಿಂದ ಸಾಗಿಸಲೇಬೇಕಾದರೆ, ನಾಲ್ಕೈದು ಮಂದಿ ಕೂಡಿ ತಲೆ, ಬೆನ್ನು, ಸೊಂಟ ಒಂದೇ ಸಾಲಿನಲ್ಲಿರುವಂತೆ ಒಮ್ಮೆಲೇ ಹೊರಳಿಸಿ, ಅಗಲವಾದ ಹಲಗೆ ಅಥವಾ ಕಳಚಿದ ಬಾಗಿಲಿನ ಮೇಲೆ ಮಲಗಿಸಿ ರಸ್ತೆಯವರೆಗೆ ಒಯ್ಯಬೇಕು. ಅಂಥ ಹಲಗೆಯೊಂದು ಕೊಯ್ಲಿನ ದಿನ ತೋಟದಲ್ಲೇ ಇರುವುದು ಒಳ್ಳೆಯದು.